ಗಲ್ಫ್ ಬಲ್ಲ ಊರಿಗೆ ಗಾಲ್ಫ್ ಪಾಠ

ಹುಲ್ಲು ಬೆಳೆಸುವುದಕ್ಕೂ ಎಂಬಿಎ ಬೇಕೇ? ಬೇಕು. ಆದರೆ ಆ ಪದವಿ ಹುಲ್ಲಿನ ಜೊತೆಗೆ ನೀರಿನ ಲೆಕ್ಕವನ್ನೂ ನೆಲದ ಹಕ್ಕನ್ನೂ ಚೀಲ ಹೊರುವವರ ಕೂಲಿಯನ್ನೂ ಕಲಿಸಬೇಕು. 1876ರಲ್ಲಿ ಹುಟ್ಟಿದ ಬೆಂಗಳೂರು ಗಾಲ್ಫ್ ಕ್ಲಬ್ಬಿಗೆ ನೂರೈವತ್ತು ತುಂಬುವ ಹೊತ್ತಿನಲ್ಲಿ, ಗಾಲ್ಫ್ ಮೈದಾನವೇ ಇಲ್ಲದ ಮಂಕಿಯ ಮರಳ ಪಟ್ಟಿಯಿಂದ ಆ ವಿದ್ಯೆಯತ್ತ ಒಂದು ನೋಟ.

ಹೊನ್ನಾವರ ತಾಲ್ಲೂಕಿನ ಮಂಕಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಬಿಟ್ಟು ಪಡುವಣಕ್ಕೆ ಇಳಿದರೆ, ಗದ್ದೆಬಯಲೂ ತೆಂಗಿನ ತೋಟವೂ ಮುಗಿದು, ಕಡಲು ಇನ್ನೂ ಶುರುವಾಗದ ಒಂದು ನಡುವಣ ನೆಲ ಎದುರಾಗುತ್ತದೆ. ಅಲ್ಲಿ ನೇರಳೆ ಹೂವಿನ ಅಡುಂಬು ಬಳ್ಳಿ ಮರಳನ್ನು ಬಿಗಿಹಿಡಿದಿರುತ್ತದೆ, ಗಾಳಿಮರಗಳು ಎಡೆಬಿಡದೆ ಸುಯ್ಯೆನ್ನುತ್ತಿರುತ್ತವೆ, ಬಲೆಗಳು ಬಿಸಿಲಿಗೆ ಬಿದ್ದಿರುತ್ತವೆ. ಉಳುಮೆಗೆ ಒದಗದ, ಮನೆ ಕಟ್ಟಲು ಗಟ್ಟಿಯಿಲ್ಲದ ಈ ಪಟ್ಟಿಯನ್ನು ಕಂದಾಯದ ಕಣ್ಣು ಬರಡೆಂದು ಕಂಡರೂ ಕಡಲ ಮಕ್ಕಳಿಗೆ ಅದು ಅಂಗಳವೂ ಹೌದು, ಕಣಜವೂ ಹೌದು.

ಸ್ಕಾಟ್ಲೆಂಡಿನ ಕರಾವಳಿಯಲ್ಲಿಯೂ ಇಂಥದೇ ನೆಲವಿದೆ. ಕಡಲಿಗೂ ಉಳುವ ಹೊಲಕ್ಕೂ ನಡುವಿನ ಮರಳ ದಿಬ್ಬಗಳ ಆ ಪಟ್ಟಿಗೆ ಅಲ್ಲಿಯವರು ಲಿಂಕ್ಸ್ ಎನ್ನುತ್ತಾರೆ. ಕುರಿಗಳು ಮೇದು ಮೇದು ಹುಲ್ಲನ್ನು ಗಿಡ್ಡವಾಗಿಸಿದ, ಮಳೆನೀರು ನಿಲ್ಲದೆ ಇಂಗಿಹೋಗುವ ಆ ಬಯಲುಗಳಲ್ಲಿಯೇ ಗಾಲ್ಫ್ ಆಟ ಬೆಳೆಯಿತು. ಸೇಂಟ್ ಆಂಡ್ರೂಸ್ ಎಂಬ ಕಡಲೂರಿನಲ್ಲಿ 1764ರಲ್ಲಿ 22 ಕುಳಿಗಳ ಸುತ್ತನ್ನು 18ಕ್ಕೆ ಇಳಿಸಿದ ನಿರ್ಧಾರವೇ ಮುಂದೆ ಲೋಕಕ್ಕೆಲ್ಲ ಅಳತೆಯಾಯಿತು. ಒಂದೇ ಬಗೆಯ ನೆಲ ಒಂದು ಕಡಲಂಚಿನಲ್ಲಿ ಆಟವಾಗಿ, ಇನ್ನೊಂದರಲ್ಲಿ ಒಣಮೀನಾಗಿ ಬಾಳಿದ್ದರ ಹಿಂದೆ ಹವೆ, ಹಸಿವು ಮತ್ತು ಭೂಮಿಯ ಒಡೆತನಗಳ ಬೇರೆ ಬೇರೆ ಚರಿತ್ರೆಯಿದೆ.

ಕನ್ನಡ ಲಿಪಿಯಲ್ಲಿ ಗಲ್ಫ್ ಮತ್ತು ಗಾಲ್ಫ್ ಎಂಬ ಎರಡು ಮಾತುಗಳ ನಡುವೆ ಇರುವುದು ಒಂದು ದೀರ್ಘ ಮಾತ್ರ. ಭಟ್ಕಳ, ಮಂಕಿ, ಹೊನ್ನಾವರಗಳ ಸಾಲಿನಲ್ಲಿ ಮೊದಲನೆಯ ಮಾತನ್ನು ಅರಿಯದ ಮನೆ ವಿರಳ. ಎರಡನೆಯದನ್ನು ಹತ್ತಿರದಿಂದ ಕಂಡವರೂ ಬಹುಮಟ್ಟಿಗೆ ಮೊದಲನೆಯದರ ಮೂಲಕವೇ ಕಂಡವರು. ದುಬೈಯಲ್ಲಿ 1988ರಲ್ಲಿ ತೆರೆದ ಎಮಿರೇಟ್ಸ್ ಗಾಲ್ಫ್ ಕ್ಲಬ್, ಮರಳುಗಾಡಿನ ನಡುವೆ ಪೂರ್ತಿ ಹುಲ್ಲು ಹಾಸಿ ಕಟ್ಟಿದ, ಮಧ್ಯಪ್ರಾಚ್ಯದ ಮೊದಲ ದೊಡ್ಡ ಮೈದಾನ; ಮರುವರ್ಷವೇ ಅಲ್ಲಿ ಅಂತರರಾಷ್ಟ್ರೀಯ ಪಂದ್ಯಾವಳಿ ಆರಂಭವಾಯಿತು. ಇಂಥ ಮೈದಾನಗಳ ಅಡುಗೆಮನೆ, ಲೆಕ್ಕದ ಕೋಣೆ, ಉಗ್ರಾಣ, ವಾಹನದ ಮನೆಗಳೆಲ್ಲ ದುಡಿಯುವ ಕೈಗಳನ್ನು ಬೇಡುತ್ತವೆ. ಕೈಗಳಿಂದಾಚೆಗೆ, ಇಡೀ ವ್ಯವಸ್ಥೆಯನ್ನು ನಡೆಸುವ ಕುರ್ಚಿಗೆ ಏನು ಓದಿರಬೇಕು ಎಂಬುದು ಮುಂದಿನ ಪ್ರಶ್ನೆ.

ಎರಡು ತೊರೆಗಳ ಸಂಗಮ

ಎಂಬಿಎ, ಅಂದರೆ ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ಪದವಿ, 1908ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದಾಗ ಅದರ ಕಣ್ಣಿದ್ದುದು ಕಾರ್ಖಾನೆ, ರೈಲು ಮತ್ತು ಬ್ಯಾಂಕುಗಳ ಮೇಲೆ. ಅತಿಥಿ ಸತ್ಕಾರವೂ ಓದಬೇಕಾದ ವಿದ್ಯೆಯೆಂದು 1922ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಹೋಟೆಲ್ ಆಡಳಿತದ ಶಿಕ್ಷಣ ತೊಡಗಿಸಿತು. 1927ರಲ್ಲಿ ಅಮೆರಿಕದ ಕ್ಲಬ್ ವ್ಯವಸ್ಥಾಪಕರು ತಮ್ಮದೇ ಸಂಘ ಕಟ್ಟಿಕೊಂಡರು. ಆಟವನ್ನೇ ವ್ಯವಹಾರವಾಗಿ ಓದುವ ಮೊದಲ ಸ್ನಾತಕೋತ್ತರ ಕಾರ್ಯಕ್ರಮ 1966ರಲ್ಲಿ ಒಹಾಯೊ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು.

ಇನ್ನೊಂದು ತೊರೆ ಮೈದಾನದಿಂದಲೇ ಹರಿದುಬಂತು. ಆಟ ಕಲಿಸುವ, ಕೋಲು ರಿಪೇರಿ ಮಾಡುವ, ಅಂಗಡಿ ನೋಡಿಕೊಳ್ಳುವ ವೃತ್ತಿಪರರ ಸಂಘ ಬ್ರಿಟನ್ನಿನಲ್ಲಿ 1901ರಲ್ಲಿ, ಅಮೆರಿಕದಲ್ಲಿ 1916ರಲ್ಲಿ ಹುಟ್ಟಿತು. ಗುರುವಿನ ಕೈಕೆಳಗೆ ನಿಂತು ಕಲಿಯುತ್ತಿದ್ದ ಆ ಕಸುಬನ್ನು 1975ರಲ್ಲಿ ಮಿಷಿಗನ್ ರಾಜ್ಯದ ಫೆರಿಸ್ ಸ್ಟೇಟ್ ವಿಶ್ವವಿದ್ಯಾಲಯ ಮೊದಲ ಬಾರಿಗೆ ಪದವಿಯ ಚೌಕಟ್ಟಿಗೆ ತಂದಿತು. ನಾಲ್ಕೂವರೆ ವರ್ಷಗಳ ಆ ಮಾದರಿಯ ಓದಿನಲ್ಲಿ 16 ತಿಂಗಳು ಮೈದಾನಗಳಲ್ಲಿಯೇ ದುಡಿಯಬೇಕು. ಮಾರಾಟಶಾಸ್ತ್ರ, ಲೆಕ್ಕಶಾಸ್ತ್ರಗಳ ಜೊತೆಗೆ ಆಟದ ಸಾಮರ್ಥ್ಯದ ಪರೀಕ್ಷೆಯನ್ನೂ ದಾಟಬೇಕು.

ಗಾಲ್ಫ್ ನಿರ್ವಹಣೆಯನ್ನು ವಿಶೇಷ ವಿಷಯವಾಗಿ ಆರಿಸಿಕೊಂಡ ಎಂಬಿಎ ಈ ಎರಡು ತೊರೆಗಳು ಕೂಡುವ ಜಾಗದಲ್ಲಿದೆ: ಬಂಡವಾಳ, ಕಾನೂನು, ಸಿಬ್ಬಂದಿ, ಮಾರುಕಟ್ಟೆಗಳ ಸಾಮಾನ್ಯ ಪಾಠಗಳು ಮೊದಲು, ಬಳಿಕ ಹುಲ್ಲು, ನೀರು, ಸದಸ್ಯತ್ವ, ಪಂದ್ಯಾವಳಿಗಳ ವಿಶೇಷ ಪಾಠಗಳು.

ಈ ವಿದ್ಯೆ ಮಹಾನಗರದಲ್ಲಿಯೇ ಇರಬೇಕೆಂದಿಲ್ಲ ಎಂಬುದಕ್ಕೆ ಸ್ಕಾಟ್ಲೆಂಡಿನ ಬಡಗಣ ಮೂಲೆಯ ಡಾರ್ನಕ್ ಸಾಕ್ಷಿ. ಮಂಕಿಗಿಂತ ಬಹಳ ಸಣ್ಣದಾದ ಆ ಕಡಲೂರಿನಲ್ಲಿ ಹೈಲ್ಯಾಂಡ್ಸ್ ಅಂಡ್ ಐಲ್ಯಾಂಡ್ಸ್ ವಿಶ್ವವಿದ್ಯಾಲಯ ಗಾಲ್ಫ್ ನಿರ್ವಹಣೆಯ ಪದವಿ ಓದಿಸಿದೆ. ಅಲ್ಲಿಯ ಕಲ್ಲುಕುಟಿಗನೊಬ್ಬನ ಮಗನಾಗಿ 1872ರಲ್ಲಿ ಹುಟ್ಟಿ, ಊರ ಮೈದಾನದ ಹುಲ್ಲು ನೋಡಿಕೊಳ್ಳುತ್ತಿದ್ದ ಡೊನಾಲ್ಡ್ ರಾಸ್ 1899ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ಪೈನ್‌ಹರ್ಸ್ಟ್ ಸೇರಿದಂತೆ ಸುಮಾರು 400 ಮೈದಾನಗಳನ್ನು ರೂಪಿಸಿದರು. ಹೊಟ್ಟೆಪಾಡಿಗೆ ಕಡಲು ದಾಟಿದವರ ಕಥೆ ಉತ್ತರ ಕನ್ನಡದ ಈ ಸಾಲಿಗೆ ಹೊಸದಲ್ಲ. ಆದರೆ ರಾಸ್ ತಮ್ಮ ಜೊತೆ ಕೊಂಡೊಯ್ದದ್ದು ತಮ್ಮೂರಿನ ಮರಳ ದಿಬ್ಬದಿಂದಲೇ ಕಲಿತ ವಿದ್ಯೆಯನ್ನು ಎಂಬುದು ಗಮನಿಸತಕ್ಕ ಮಾತು.

ಹೊರಟ ಬಸ್ಸಿನ ಖಾಲಿ ಸೀಟು

ತರಗತಿಯ ಮೊದಲ ಪಾಠ ಹೊತ್ತಿನ ಮಾರಾಟ. ಆಟಗಾರರ ತಂಡವೊಂದು ಮೊದಲ ಹೊಡೆತ ಹೊಡೆಯುವ ನಿಗದಿತ ವೇಳೆಗೆ ಟೀ ಸಮಯ ಎನ್ನುತ್ತಾರೆ. ಹತ್ತು ನಿಮಿಷಕ್ಕೊಂದರಂತೆ ನಾಲ್ವರ ತಂಡಗಳನ್ನು ಬಿಟ್ಟರೆ ಗಂಟೆಗೆ 24 ಮಂದಿ, ಬೆಳಗಿನ 6ರಿಂದ 11ರವರೆಗೆ 120 ಮಂದಿ ಆಡಬಹುದು. ಏಳೂವರೆಯ ಜಾಗ ಖಾಲಿ ಹೋಯಿತೆಂದರೆ ಅದನ್ನು ಕಪಾಟಿನಲ್ಲಿಟ್ಟು ನಾಳೆ ಮಾರಲು ಬಾರದು. ನಿಲ್ದಾಣದಿಂದ ಹೊರಟುಹೋದ ಬಸ್ಸಿನ ಖಾಲಿ ಸೀಟಿನಂತೆ ಅದು ನಷ್ಟವೇ.

ಹೀಗಾಗಿ ವಾರದ ದಿನ, ರಜಾದಿನ, ಮುಂಜಾವು, ನಡುಹಗಲುಗಳಿಗೆ ಬೇರೆ ಬೇರೆ ದರವಿಡುವ ವಿಮಾನ ಕಂಪನಿಗಳ ಲೆಕ್ಕಾಚಾರ ಇಲ್ಲಿಗೂ ಬಂದಿದೆ. ತಂಡಗಳ ನಡುವಿನ ಅಂತರವನ್ನು ಎಂಟು ನಿಮಿಷಕ್ಕೆ ಇಳಿಸಿದರೆ ಆದಾಯ ಏರುತ್ತದೆಂಬುದು ಕಾಗದದ ಮೇಲಿನ ಮಾತು. ಮೈದಾನದಲ್ಲಿ ತಂಡಗಳು ಒಂದರ ಹಿಂದೊಂದು ಸಿಕ್ಕಿಬಿದ್ದು, ನಾಲ್ಕು ಗಂಟೆಯ ಆಟ ಐದೂವರೆಗೆ ಎಳೆದಾಗ ಬರುವ ಆಟಗಾರನೇ ಬೇರೆಡೆ ಮುಖ ಮಾಡುತ್ತಾನೆ. ವ್ಯವಸ್ಥಾಪಕನ ಜಾಣ್ಮೆ ಪರೀಕ್ಷೆಗೊಳಗಾಗುವುದು ಈ ಎರಡು ನಿಮಿಷಗಳಲ್ಲಿ.

ಎರಡನೆಯ ಪಾಠ ಕ್ಲಬ್ಬೆಂಬ ಸಂಸ್ಥೆಯ ಸ್ವರೂಪ. ಸದಸ್ಯರೇ ಹಣ ಹಾಕಿ, ಸದಸ್ಯರೇ ಬಳಸಿ, ಉಳಿದದ್ದೂ ಸದಸ್ಯರದೇ ಆಗುವಲ್ಲಿ ಲಾಭವೆಂಬುದೇ ಇಲ್ಲ, ತನ್ನ ಜೊತೆ ತಾನೇ ವ್ಯಾಪಾರ ಮಾಡಿ ಯಾರೂ ಗಳಿಸಲಾರರು ಎಂಬುದು ತೆರಿಗೆ ಕಾನೂನಿನ ಪರಸ್ಪರತೆಯ ತತ್ವ. ಈ ತತ್ವದ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ಓದಲು ಕರ್ನಾಟಕದ ವಿದ್ಯಾರ್ಥಿ ದೂರ ಹೋಗಬೇಕಿಲ್ಲ. ಬೆಂಗಳೂರು ಕ್ಲಬ್ ತನ್ನ ಮಿಗತೆ ಹಣವನ್ನು ತನ್ನದೇ ಸದಸ್ಯ ಬ್ಯಾಂಕುಗಳಲ್ಲಿ ಇಟ್ಟು ಪಡೆದ ಬಡ್ಡಿಗೆ ಈ ವಿನಾಯಿತಿ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿತು. ಬ್ಯಾಂಕು ಆ ಹಣವನ್ನು ಹೊರಗಿನವರಿಗೆ ಸಾಲ ಕೊಟ್ಟ ಗಳಿಗೆಯಲ್ಲಿ ಒಳಗಿನವರ ವರ್ತುಲ ಹರಿಯಿತು ಎಂಬುದು ಅದರ ತಿರುಳು.

[ಚೌಕಟ್ಟು] ಹುಲ್ಲಿನ ವೇಗ ಅಳೆಯುವ ಕೋಲು

ಕುಳಿಯಿರುವ ನುಣುಪು ಹುಲ್ಲುಹಾಸಿಗೆ ಗ್ರೀನ್ ಎನ್ನುತ್ತಾರೆ. ಅದರ ವೇಗ ಅಳೆಯಲು ಎಡ್ವರ್ಡ್ ಸ್ಟಿಂಪ್‌ಸನ್ ಎಂಬ ಹವ್ಯಾಸಿ ಆಟಗಾರ 1935ರಲ್ಲಿ ರೂಪಿಸಿದ ಸಾಧನವೇ ಸ್ಟಿಂಪ್‌ಮೀಟರ್. 36 ಅಂಗುಲ ಉದ್ದದ, ನಡುವೆ ಜಾಡು ಕೊರೆದ ಈ ಅಲ್ಯುಮಿನಿಯಂ ಪಟ್ಟಿಯ ಮೇಲ್ತುದಿಯ ಬಳಿಯ ಕಚ್ಚಿನಲ್ಲಿ ಚೆಂಡಿಟ್ಟು ಮೆಲ್ಲಗೆ ಎತ್ತಿದರೆ, ಸುಮಾರು 20 ಡಿಗ್ರಿ ಓರೆಯಾದಾಗ ಚೆಂಡು ತಾನಾಗಿ ಜಾರುತ್ತದೆ. ಅದು ಉರುಳಿದ ದೂರ ಅಡಿಗಳಲ್ಲಿ ಎಷ್ಟೋ ಅದೇ ಗ್ರೀನಿನ ವೇಗ. ಒಂದು ದಿಕ್ಕಿಗೆ ಮೂರು ಚೆಂಡು, ಎದುರು ದಿಕ್ಕಿಗೆ ಮೂರು ಚೆಂಡು ಬಿಟ್ಟು ಸರಾಸರಿ ತೆಗೆಯುತ್ತಾರೆ. ಹುಲ್ಲು ಕತ್ತರಿಸುವ ಎತ್ತರ ಸುಮಾರು 3ರಿಂದ 4 ಮಿ.ಮೀ.: ಎರಡು ಕುಚ್ಚಲಕ್ಕಿ ಕಾಳುಗಳನ್ನು ಮಲಗಿಸಿ ಒಂದರ ಮೇಲೊಂದು ಇಟ್ಟಷ್ಟು.

ಇಡಗುಂಜಿಯ ಗರಿಕೆ, ಟಿಫ್ಟನ್ನಿನ ಗರಿಕೆ

ಗಾಲ್ಫ್ ನಿರ್ವಹಣೆಯನ್ನು ಉಳಿದೆಲ್ಲ ವ್ಯವಹಾರ ಶಿಕ್ಷಣದಿಂದ ಬೇರ್ಪಡಿಸುವುದು ಹುಲ್ಲು. ಬಿಸಿನಾಡಿನ ಮೈದಾನಗಳಲ್ಲಿ ಹಾಸುವ, ವ್ಯಾಪಾರದಲ್ಲಿ ಬರ್ಮುಡಾ ಎನಿಸಿಕೊಂಡ ಹುಲ್ಲಿನ ಮೂಲಜಾತಿ ಬೇರೆ ಯಾವುದೂ ಅಲ್ಲ, ಗರಿಕೆ. ಮಂಕಿಗೆ ನೆರೆಯ ಇಡಗುಂಜಿಯಲ್ಲಿ ಮಹಾಗಣಪತಿಗೆ ಏರಿಸುವ, ಗದ್ದೆಯ ಹಾಳಿಯಲ್ಲಿ ತುಳಿದರೂ ಸಾಯದೆ ಗೆಣ್ಣುಗೆಣ್ಣಿಗೆ ಬೇರೂರಿ ಹಬ್ಬುವ ಆ ಗರಿಕೆಯೇ.

ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಊರಿನ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ಈ ಗರಿಕೆಯನ್ನು ಅದರ ಆಫ್ರಿಕದ ಸೋದರ ಜಾತಿಯೊಂದಿಗೆ ಬೆಸೆದು, ದಟ್ಟವಾಗಿ ಹಬ್ಬುವ, ಗಿಡ್ಡವಾಗಿ ಕತ್ತರಿಸಿದರೂ ಬಾಳುವ ಮಿಶ್ರತಳಿಗಳನ್ನು ಕೊಟ್ಟರು. ಇಂಥ ತಳಿಗೆ ಬೀಜವಿಲ್ಲ; ಬಳ್ಳಿಯ ತುಂಡುಗಳನ್ನೇ ನೆಡಬೇಕು. ಇದೇ ಬರ್ಟನ್ ಟಿಫ್ಟನ್ನಿನಲ್ಲಿ ರೂಪಿಸಿದ ಸಜ್ಜೆಯ ಗಂಡುಬಂಜೆ ತಳಿ, ಟಿಫ್ಟ್ 23ಎ, ಭಾರತಕ್ಕೆ ಬಂದು 1965ರಲ್ಲಿ ಬಿಡುಗಡೆಯಾದ ಮೊದಲ ಸಜ್ಜೆ ಸಂಕರ ತಳಿಗೆ ತಾಯಿಯಾಯಿತು. ಸಿರಿವಂತರ ಆಟದ ಹುಲ್ಲಿಗೂ ಬಯಲುಸೀಮೆಯ ರೊಟ್ಟಿಗೂ ಒಂದೇ ಕೈಯ ಋಣವಿದೆ.

ಹುಲ್ಲಿನ ಕೆಳಗಿನ ಕೆಲಸ ಇನ್ನೂ ಸೂಕ್ಷ್ಮ. 1960ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಮೊದಲು ಪ್ರಕಟಿಸಿದ ವಿಧಾನದ ಪ್ರಕಾರ ಗ್ರೀನಿನ ಬೇರಿಗೆ 12 ಅಂಗುಲ ಮರಳಿನ ಪದರ, ಅದರಡಿಯಲ್ಲಿ 4 ಅಂಗುಲ ಜಲ್ಲಿ, ಅದಕ್ಕೂ ಅಡಿಯಲ್ಲಿ ನೀರು ಸಾಗಿಸುವ ಕೊಳವೆಗಳು ಇರಬೇಕು. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುವ ಹೊನ್ನಾವರದ ಕರಾವಳಿಯಲ್ಲಿ ಈ ಕೊಳವೆಗಳ ಲೆಕ್ಕ ತಪ್ಪಿದರೆ ಬೇರು ಕೊಳೆಯುತ್ತದೆ, ಮರಳು ಕೊಚ್ಚಿಹೋಗುತ್ತದೆ. ಮೈಸೂರು ಸೀಮೆಯ ಒಣಹವೆಗೆ ಬರೆದ ಪಾಠವನ್ನು ಹಾಗೆಯೇ ಕರಾವಳಿಗೆ ಇಳಿಸಲಾಗದು.

ನೀರಿನ ಕಡತ

ಯಾವ ವಿದ್ಯಾರ್ಥಿಯೂ ತಪ್ಪಿಸಿಕೊಳ್ಳಬಾರದ ಲೆಕ್ಕವೊಂದಿದೆ. ನೀರುಣಿಸುವ ಹುಲ್ಲು 30 ಹೆಕ್ಟೇರ್ ಎಂದಿಟ್ಟುಕೊಂಡು, ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ತೇವ ಆವಿಯಾಗುತ್ತದೆ ಎಂದು ಹಿಡಿದರೆ, ಅದನ್ನು ತುಂಬಿಕೊಡಲು ದಿನವೊಂದಕ್ಕೆ 15 ಲಕ್ಷ ಲೀಟರ್ ನೀರು ಬೇಕು. ಜಲಜೀವನ ಯೋಜನೆ ಗ್ರಾಮೀಣ ಭಾರತದ ಪ್ರತಿಯೊಬ್ಬರಿಗೆ ನಿಗದಿ ಮಾಡಿದ ದಿನದ ಪ್ರಮಾಣ 55 ಲೀಟರ್. ಭಾಗಿಸಿ ನೋಡಿದರೆ 27,000ಕ್ಕೂ ಹೆಚ್ಚು ಜನರ ಪಾಲು.

ಈ ಅಂಕಿಯ ಮುಂದೆ ಕಣ್ಣು ಮುಚ್ಚುವ ಶಿಕ್ಷಣ ಶಿಕ್ಷಣವಲ್ಲ. ಸಂಸ್ಕರಿಸಿದ ತ್ಯಾಜ್ಯನೀರು, ಮಳೆನೀರಿನ ಹೊಂಡ, ನೀರುಣಿಸುವ ವಿಸ್ತಾರವನ್ನೇ ಕಿರಿದುಗೊಳಿಸುವ ವಿನ್ಯಾಸ, ಉಪ್ಪುನೀರು ತಾಳುವ ಕಡಲಂಚಿನ ಪ್ಯಾಸ್ಪಲಂ ಹುಲ್ಲು, ಇವೆಲ್ಲ ಹುಟ್ಟಿಕೊಂಡದ್ದು ಈ ಅಂಕಿಯ ಒತ್ತಡದಿಂದಲೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೂ 5,000 ರೂಪಾಯಿ ದಂಡವೆಂದು ಸಾರಿದ ಮೇಲೆ ನೀರಿನ ಮೂಲದ ಪ್ರಶ್ನೆ ರಾಜ್ಯದ ಯಾವ ಮೈದಾನಕ್ಕೂ ಬದಿಗಿಡುವಂಥದ್ದಾಗಿ ಉಳಿದಿಲ್ಲ.

ನೆಲದ ಪ್ರಶ್ನೆ ಇನ್ನೂ ಹಳೆಯದು. 1973ರಲ್ಲಿ ರೂಪುಗೊಂಡ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ ಚಲ್ಲಘಟ್ಟ ಕೆರೆಯಿದ್ದ ಜಾಗದಲ್ಲಿದೆ. ಆಸ್ಟ್ರೇಲಿಯದ ಹೆಸರಾಂತ ಆಟಗಾರ ಪೀಟರ್ ಥಾಮ್ಸನ್ ವಿನ್ಯಾಸಗೊಳಿಸಿದ, 2012ರಲ್ಲಿ ಇಂಡಿಯನ್ ಓಪನ್ ಪಂದ್ಯಾವಳಿ ನಡೆದ ಆ ಮೈದಾನದ ಹಸಿರನ್ನು ಮೆಚ್ಚುವಾಗ, ಕೆರೆಗಳನ್ನು ಕಳೆದುಕೊಂಡ ನಗರದ ಚರಿತ್ರೆಯನ್ನೂ ಓದಬೇಕಾಗುತ್ತದೆ. ಗೋವೆಯ ತೇರೆಖೋಲ್ ಹಳ್ಳಿಯಲ್ಲಿ ಗಾಲ್ಫ್ ವಿಹಾರಧಾಮದ ಯೋಜನೆಯನ್ನು ಅಲ್ಲಿಯ ಒಕ್ಕಲುಗಳು ಎದುರಿಸಿ ನಿಂತರು. ಏಷ್ಯಾದ ದೇಶಗಳಲ್ಲಿ ಕಾಡು, ಗದ್ದೆಗಳನ್ನು ನುಂಗುತ್ತಿದ್ದ ಮೈದಾನಗಳ ವಿರುದ್ಧ 1993ರಲ್ಲಿಯೇ ಮಲೇಷ್ಯಾದ ಪೆನಾಂಗಿನಲ್ಲಿ ಜಾಗತಿಕ ಚಳವಳಿಯೊಂದು ರೂಪುಗೊಂಡಿತ್ತು.

ಮಂಕಿಯ ಮರಳ ಪಟ್ಟಿಗೆ ಕಾನೂನಿನ ಕಾವಲಿದೆ. 1991ರಲ್ಲಿ ಬಂದು 2011 ಮತ್ತು 2019ರಲ್ಲಿ ಹೊಸದಾಗಿ ಹೊರಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು ಕಡಲತೀರದ ವಿಹಾರಧಾಮಗಳಿಗೆ ವಿಧಿಸುವ ನಿಯಮಗಳಲ್ಲಿ ಮರಳ ದಿಬ್ಬಗಳನ್ನು ಮಟ್ಟ ಮಾಡಬಾರದೆಂಬ ಮಾತೂ, ಉಬ್ಬರದ ಗೆರೆಯಿಂದ 200 ಮೀಟರಿನೊಳಗೆ ಅಂತರ್ಜಲ ಎತ್ತಬಾರದೆಂಬ ಮಾತೂ ಇವೆ. ಬೇಸಿಗೆಯಲ್ಲಿ ಬಾವಿಗೆ ಉಪ್ಪುನೀರು ನುಗ್ಗುವುದನ್ನು ಕಂಡ ಯಾವ ಮನೆಗೂ ಈ ಎರಡನೆಯ ನಿಯಮದ ಕಾರಣವನ್ನು ವಿವರಿಸಿ ಹೇಳಬೇಕಿಲ್ಲ.

[ಚೌಕಟ್ಟು] ಅಳತೆಯಲ್ಲಿ ಗಾಲ್ಫ್

ಕುಳಿಯ ವ್ಯಾಸ 108 ಮಿ.ಮೀ.; ಚೆಂಡಿನ ವ್ಯಾಸ 42.67 ಮಿ.ಮೀ.ಗೆ ಕಡಿಮೆಯಿರಬಾರದು, ತೂಕ 45.93 ಗ್ರಾಂ ಮೀರಬಾರದು. ಬಲಾಬಲದ ಆಟಗಾರರು ಸಮನಾಗಿ ಸೆಣಸಲು ದುರ್ಬಲನಿಗೆ ಕೊಡುವ ಹೊಡೆತಗಳ ರಿಯಾಯಿತಿಗೆ ಹ್ಯಾಂಡಿಕ್ಯಾಪ್ ಎಂದು ಹೆಸರು. ಲೋಕಕ್ಕೆಲ್ಲ ಒಂದೇ ರಿಯಾಯಿತಿ ಪದ್ಧತಿ ಜಾರಿಗೆ ಬಂದದ್ದು 2020ರಲ್ಲಿ. ಭಾರತೀಯ ಗಾಲ್ಫ್ ಒಕ್ಕೂಟ ಸ್ಥಾಪನೆಯಾದದ್ದು 1955ರಲ್ಲಿ.

ಚೀಲ ಹೊತ್ತವರು

ಆಟಗಾರನ ಕೋಲುಗಳ ಚೀಲ ಹೊತ್ತು, ಗಾಳಿಯ ದಿಕ್ಕು ಹೇಳಿ, ಗ್ರೀನಿನ ಓರೆಯನ್ನು ಕಣ್ಣಳತೆಯಲ್ಲೇ ಓದಿಕೊಡುವವರು ಕ್ಯಾಡಿಗಳು. ಮೈದಾನವನ್ನು ಇವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಆದರೂ ಸುತ್ತಿಗಿಷ್ಟೆಂದು ಕೂಲಿ ಪಡೆಯುವ ಇವರ ಹೆಸರು ಸಾಮಾನ್ಯವಾಗಿ ಸಂಬಳದ ಪಟ್ಟಿಯಲ್ಲಿರುವುದಿಲ್ಲ. ಮಳೆ ಹಿಡಿದ ವಾರ ಆಟವಿಲ್ಲ, ಆಟವಿಲ್ಲದ ದಿನ ಕೂಲಿಯಿಲ್ಲ. ಸಿಬ್ಬಂದಿ ನಿರ್ವಹಣೆಯ ಪಾಠ ಇಲ್ಲಿಂದಲೇ ತೊಡಗಬೇಕು: ಭವಿಷ್ಯನಿಧಿ, ವಿಮೆ, ಮಳೆಗಾಲದ ಆಧಾರವೇತನ, ಮಕ್ಕಳ ಓದು, ಮತ್ತು ಕ್ಯಾಡಿ ತರಬೇತುದಾರನಾಗಿ, ಮೈದಾನದ ಮೇಲ್ವಿಚಾರಕನಾಗಿ ಏರುವ ದಾರಿ.

ಅಂಥ ಏರಿಕೆ ಕನಸಲ್ಲ. ಬಿಡದಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ಚೆಂಡು ಹೆಕ್ಕುವ ಹುಡುಗನಾಗಿ ಅಲ್ಲಿಗೆ ಕಾಲಿಟ್ಟು, 2010ರಲ್ಲಿ ಅಖಿಲ ಭಾರತ ಹವ್ಯಾಸಿ ಪ್ರಶಸ್ತಿ ಗೆದ್ದು, ವೃತ್ತಿಪರರ ಸಾಲಿಗೆ ಸೇರಿದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿ ನಾಡಿನವರನ್ನೆಲ್ಲ ನಸುಕಿನಲ್ಲಿ ಎಬ್ಬಿಸಿ ಕೂರಿಸಿದ ಬೆಂಗಳೂರಿನ ಅದಿತಿ ಅಶೋಕ್ ಅವರ ಚೀಲ ಹೊತ್ತದ್ದು ಅವರ ತಾಯಿ. ಇಂಥ ಏರಿಕೆಯನ್ನು ಅದೃಷ್ಟಕ್ಕೆ ಬಿಡದೆ ವ್ಯವಸ್ಥೆಯಾಗಿಸುವುದು ನಿರ್ವಾಹಕನ ಕೆಲಸ.

ಮಂಕಿಗೆ ಇದರಿಂದೇನು?

ಭಾರತದಲ್ಲಿ ಆಟ ಕಲಿಸುವವರಿಗೆ ತರಬೇತಿ ಕೊಡುವ ರಾಷ್ಟ್ರೀಯ ಗಾಲ್ಫ್ ಅಕಾಡೆಮಿಯಿದೆ. ರೋಹ್ಟಕ್‌ನ ಐಐಎಂ ಕ್ರೀಡಾ ನಿರ್ವಹಣೆಯ ಕಾರ್ಯಕ್ರಮ ನಡೆಸಿದೆ. ಕ್ಲಬ್ಬುಗಳ ಕಾರ್ಯದರ್ಶಿ ಸ್ಥಾನಗಳಲ್ಲಿ ಸೇನೆಯಿಂದ ನಿವೃತ್ತರಾದವರು, ಹೋಟೆಲ್ ಉದ್ಯಮದಿಂದ ಬಂದವರು ಬಹಳ ಮಂದಿ. ಬೆಂಗಳೂರು, ಮೈಸೂರು, ಕೊಡಗು, ಚಿಕ್ಕಮಗಳೂರು, ಮಂಗಳೂರಿನ ಪಿಲಿಕುಳ ಹೀಗೆ ಮೈದಾನಗಳು ಹರಡಿರುವ ರಾಜ್ಯದಲ್ಲಿ, ಅವುಗಳನ್ನು ನಡೆಸುವ ವಿದ್ಯೆಗೆ ವಿಶ್ವವಿದ್ಯಾಲಯಗಳು ಬಾಗಿಲು ತೆರೆಯಬೇಕಾದ ಕಾಲ ಬಂದಿದೆ.

ಭಟ್ಕಳದಲ್ಲಿ 1919ರಿಂದ ವಿದ್ಯಾಪ್ರಸಾರ ಮಾಡುತ್ತ ಬಂದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ, ಹೊನ್ನಾವರದ ಎಸ್‌ಡಿಎಂ ಕಾಲೇಜು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ನಿರ್ವಹಣಾ ಅಧ್ಯಯನ ಸಂಸ್ಥೆ, ಇವು ಈ ಭಾಗದ ವಾಣಿಜ್ಯ ವಿದ್ಯಾರ್ಥಿಗೆ ಪರಿಚಿತ ಹೆಸರುಗಳು. ಇಲ್ಲಿ ಬಿಕಾಂ ಓದಿದ ತರುಣಿಯೊಬ್ಬಳು ಅಥವಾ ತರುಣನೊಬ್ಬ ದುಬೈಯ ಕ್ಲಬ್ಬೊಂದಕ್ಕೆ ಗುಮಾಸ್ತಿಕೆಗೆ ಹೋಗುವುದಕ್ಕೂ ವ್ಯವಸ್ಥಾಪಕ ಹುದ್ದೆಗೆ ಹೋಗುವುದಕ್ಕೂ ನಡುವೆ ಇರುವ ಅಂತರವನ್ನು ತುಂಬಬಲ್ಲದ್ದು ಇಂಥ ವಿಶೇಷ ಶಿಕ್ಷಣ. ಅದನ್ನು ಪಡೆದವರು ಊರಿಗೆ ಮರಳಿದರೆ ಮಂಕಿಯಲ್ಲಿ ಗಾಲ್ಫ್ ಮೈದಾನ ಕಟ್ಟಬೇಕೆಂದೇನೂ ಇಲ್ಲ. ಹುಲ್ಲು, ನೀರು, ಪ್ರವಾಸಿ, ಕೂಲಿ ಇಷ್ಟನ್ನೂ ಒಂದೇ ಕಡತದಲ್ಲಿ ತೂಗುವ ಬುದ್ಧಿ ಮಂಕಿಗೆ ಸಮೀಪದ, 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಕಾಸರಕೋಡಿನ ಕಡಲತೀರಕ್ಕೂ, ಯಾತ್ರಿಕರಿಂದ ಕಿಕ್ಕಿರಿವ ಮುರ್ಡೇಶ್ವರಕ್ಕೂ ಬೇಕು.

ಅದೇ ಕಾಸರಕೋಡಿನ ಟೊಂಕದಲ್ಲಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಅವರು ಒಣಮೀನು ಹರವುವ ಮರಳಿನಲ್ಲಿಯೇ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ; ಆ ಗೂಡುಗಳ ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಕರ್ನಾಟಕದಲ್ಲಿ ಗಾಲ್ಫ್ ನಿರ್ವಹಣೆಯ ತರಗತಿಯೊಂದು ಶುರುವಾದರೆ ಅದರ ಮೊದಲ ಕ್ಷೇತ್ರಕಾರ್ಯ ಈ ಪಟ್ಟಿಯಲ್ಲಿಯೇ ನಡೆಯಬೇಕು. ವಿದ್ಯಾರ್ಥಿಗಳು ಬರೆದುಕೊಳ್ಳಬೇಕಾದ ಮೊದಲ ಅಂಕಿಗಳು ಒಂದು ಕುಟುಂಬಕ್ಕೆ ಮೀನು ಒಣಗಿಸಲು ಎಷ್ಟು ಚದರಡಿ ಮರಳು ಬೇಕು, ಉಬ್ಬರದ ಗೆರೆಗೆ ಹತ್ತಿರದ ಬಾವಿ ಯಾವುದು, ಮೇ ತಿಂಗಳಲ್ಲಿ ಅದರ ನೀರು ಸಿಹಿಯೋ ಉಪ್ಪೋ ಎಂಬವು.